ಪಟ್ಟದ ಗೊಂಬೆ ಕೂರಿಸಿ, ಉಳಿದವು ಡಬ್ಬದಲ್ಲೇ ಇರಲಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕ, ನಾವು ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಇವರಿಗೆ ಬಿಡದಿಯಲ್ಲಿ ಫ್ಯಾಕ್ಟರಿ ಕೆಲಸ, ಶಿಫ್ಟು ಬೇರೆ. ಮಗಳು ಒಂದನೇ ಕ್ಲಾಸು, ಮಗನಿಗೆ ಎರಡು ವರ್ಷ. ನಾನು ಬಿ.ಎಡ್. ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆ, ಅದೇ ಟಿಇಟಿ, ಎರಡನೇ ಪೇಪರ್ ಬರೆಯುತ್ತಿದ್ದೇನೆ, ಸಮಾಜ ವಿಜ್ಞಾನ. ಕಳೆದ ಸಲ 84 ಬಂದು ಆರೇ ಅಂಕಕ್ಕೆ ಹೋಯಿತು. ಈ ಸಲ ಡಿಸೆಂಬರ್ ಮೊದಲ ವಾರ ಪರೀಕ್ಷೆ. ಇದರ ನಡುವೆ ಓನರ್ ಮಗನಿಗೆ ಮದುವೆ ಅಂತ ಅಕ್ಟೋಬರ್ ಕೊನೆಯೊಳಗೆ ಮನೆ ಖಾಲಿ ಮಾಡಲು ಹೇಳಿದ್ದಾರೆ. ಕೆಂಗೇರಿಯಲ್ಲಿ ಒಂದು ಮನೆ ನೋಡಿದ್ದೇವೆ, ಈಗಲೇ ಖಾಲಿ ಇದೆ. ಪಿತೃಪಕ್ಷ ಮುಗಿಯುವ ತನಕ ಹಾಲುಕ್ಕಿಸಬೇಡಿ ಎಂದು ಮಂಡ್ಯದಿಂದ ಅತ್ತೆ ಫೋನು. ದಸರಾ ರಜಕ್ಕೆ ಎಲ್ಲರೂ ಅಲ್ಲಿಗೇ ಬರಬೇಕಂತೆ. ದೀಪಾವಳಿಗೆ ಸಾಗರದ ತವರಿಗೆ ಹೋಗದಿದ್ದರೆ ಅಮ್ಮ ಅತ್ತುಬಿಡುತ್ತಾಳೆ. ಗೊಂಬೆ ಕೂರಿಸುವುದನ್ನು ಬಿಡುವ ಹಾಗಿಲ್ಲ. ಓದುವುದು ಯಾವಾಗ? ಪರೀಕ್ಷೆ ಮುಂದಿನ ಸಲ ಬರೆದರಾಯಿತು ಬಿಡು ಅಂತಾರೆ ಇವರು.
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಆ ಕೊನೆಯ ಸಾಲಿಗೆ ಬರುತ್ತೇನೆ. ಮುಂದಿನ ಸಲ ಅನ್ನುವುದು ಬೇಡ. ಟಿಇಟಿ ಯಾವಾಗ ಕರೆಯುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಮುಂದಿನ ಸಲಕ್ಕೆ ಮಗನನ್ನು ಅಂಗನವಾಡಿಗೆ ಸೇರಿಸುವುದೋ ಮತ್ತೊಂದು ಮದುವೆಯೋ ಇನ್ನೇನೋ ಬಂದೇ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ನಿಮ್ಮ ಕೈಯಲ್ಲಿಲ್ಲದ ದಿನ ಪರೀಕ್ಷೆಯದ್ದು ಒಂದೇ. ಉಳಿದದ್ದೆಲ್ಲ ಆಚೀಚೆ ಸರಿಯುತ್ತದೆ, ಅತ್ತೆಯ ಫೋನು ಕೂಡ.

ಅತ್ತೆಯ ಮಾತು ಈ ಸಲ ನಿಮಗೆ ಅನುಕೂಲವೇ. ಪಕ್ಷದಲ್ಲಿ ಮನೆ ಬದಲಿಸಬೇಡಿ, ಆ ಹದಿನೈದು ದಿನ ಸುಮ್ನೆ ಓದಿ. ಕೆಂಗೇರಿ ಮನೆಗೆ ಟೋಕನ್ ಮಾತ್ರ ಕೊಟ್ಟು, ಬಾಡಿಗೆ ಅಕ್ಟೋಬರ್‌ನಿಂದ ಲೆಕ್ಕ ಹಾಕಿ ಎಂದು ಕೇಳಿ ನೋಡಿ. ಪಕ್ಷದಲ್ಲಿ ಹೊಸ ಬಾಡಿಗೆದಾರರು ಬರುವುದು ಕಡಿಮೆ, ಒಪ್ಪಿದರೂ ಒಪ್ಪಬಹುದು. ವಿಜಯದಶಮಿಗೆ ಪಂಚಾಂಗ ನೋಡುವ ಗೋಜೇ ಇಲ್ಲ, ಆ ದಿನಕ್ಕೆ ಬೇರೆ ಮುಹೂರ್ತ ಬೇಡ ಎಂದು ಹಿರಿಯರೇ ಹೇಳುತ್ತಾರೆ. ಅವತ್ತು ಬೆಳಿಗ್ಗೆ ಒಂದು ಸ್ಟೌ, ಒಂದು ಪಾತ್ರೆ, ದೀಪ, ಹಾಲು ಇಷ್ಟೇ ಒಯ್ದು ಹಾಲುಕ್ಕಿಸಿ ಬನ್ನಿ. ಸಾಮಾನು ಅವತ್ತೇ ಸಾಗಿಸಬೇಡಿ. ಆಯುಧಪೂಜೆಯ ದಿನವಂತೂ ಟೆಂಪೋದವರು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆಯುವುದರಲ್ಲಿರುತ್ತಾರೆ, ಬಾಡಿಗೆಗೆ ಬರುವುದಿಲ್ಲ. ಮಾರನೇ ದಿನ ಊರಿನವರೆಲ್ಲ ಒಟ್ಟಿಗೆ ಮನೆ ಬದಲಿಸುತ್ತಾರೆ, ಕೇಳಿದಷ್ಟು ರೇಟು. ಎರಡು ಮೂರು ದಿನ ಬಿಟ್ಟು ವಾರದ ಮಧ್ಯದ ದಿನ ನೋಡಿ, ನಿಮ್ಮ ಯಜಮಾನರಿಗೆ ರಜ ಸಿಗುವ ದಿನ.

ಈಗ ಗೊಂಬೆ. ಮಂಡ್ಯ ಮೈಸೂರು ಕಡೆಯ ಮನೆಗಳಲ್ಲಿ ಗೊಂಬೆ ಬಿಡುವ ಹಾಗಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಬಿಡಬಾರದ್ದು ಪಟ್ಟದ ಗೊಂಬೆಯನ್ನು, ಒಂಬತ್ತು ಮೆಟ್ಟಿಲನ್ನಲ್ಲ. ರಾಜ ರಾಣಿ ಇಬ್ಬರನ್ನೂ ಒಂದು ಮಣೆ ಮೇಲೆ ಕೂರಿಸಿ ಮುಂದೆ ಕಲಶ ಇಡಿ, ಸಾಕು. ಉಳಿದ ಗೊಂಬೆಗಳು ಹೇಗೂ ಹಳೆ ಸೀರೆಯಲ್ಲಿ ಸುತ್ತಿ ಡಬ್ಬದಲ್ಲಿವೆ, ಅಂದರೆ ನಿಮ್ಮ ಪ್ಯಾಕಿಂಗ್ ಕಾಲುಭಾಗ ಆಗಲೇ ಮುಗಿದಿದೆ! ನಾನು ಒಂದು ವರ್ಷ ಹೀಗೆಯೇ ಎರಡೇ ಗೊಂಬೆ ಕೂರಿಸಿದ್ದೆ. ಪಕ್ಕದ ಮನೆಯ ಮಕ್ಕಳು ಬಂದು ನೋಡಿ, ಆಂಟಿ ಬಾಕಿಯವರು ಎಲ್ಲಿ ಎಂದು ಕೇಳಿದವು. ಊರಿಗೆ ಹೋಗಿದ್ದಾರೆ ಎಂದೆ. ನಂಬಿ ಗೊಜ್ಜವಲಕ್ಕಿ ತಿಂದು ಹೋದವು.

ನವರಾತ್ರಿಯ ಮೊದಲ ದಿನವೇ ಮಕ್ಕಳಿಬ್ಬರನ್ನೂ ಮಂಡ್ಯಕ್ಕೆ ಕಳಿಸಿ. ಇವರು ಬಿಟ್ಟು ಬರಲಿ. ಎಲ್ಲರೂ ಬರಬೇಕು ಅಂತಾರಲ್ಲ ಅತ್ತೆ, ಮೊಮ್ಮಕ್ಕಳು ಮೊದಲು ಬಂದರೆ ಸೊಸೆ ಏಳನೇ ದಿನ ಬಂದರೂ ಅವರ ಸಿಟ್ಟು ಅರ್ಧಕ್ಕೆ ಇಳಿದಿರುತ್ತದೆ. ಎರಡು ವರ್ಷದ ಮಗುವನ್ನು ಬಿಟ್ಟಿರುವುದು ಹೇಗೆ ಎಂದು ಕೇಳುತ್ತೀರಿ. ಮಗು ಮೊದಲ ರಾತ್ರಿ ಅಳುತ್ತದೆ, ನೀವು ಎರಡು ರಾತ್ರಿ ಅಳುತ್ತೀರಿ, ಮೂರನೇ ದಿನದಿಂದ ಓದು ಸಾಗುತ್ತದೆ. ಆಗುವುದೇ ಇಲ್ಲ ಎಂದಾದರೆ ಮಗಳನ್ನು ಕಳಿಸಿ, ಮಗನನ್ನು ನೋಡಿಕೊಳ್ಳಲು ಅತ್ತೆಯನ್ನೇ ನಿಮ್ಮ ಮನೆಗೆ ಕರೆಸಿಕೊಳ್ಳಿ. ಏಳನೇ ದಿನ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ದಶಮಿ ತನಕ ಮುಟ್ಟಬಾರದು ಎನ್ನುವವರಿದ್ದಾರೆ. ಮಗಳ ಸ್ಲೇಟೂ ನಿಮ್ಮದೊಂದು ಪುಸ್ತಕವೂ ಪೂಜೆಗಿರಲಿ. ಸರಸ್ವತಿಗೆ ಎಲ್ಲ ಗೈಡುಗಳೂ ಬೇಕು ಎಂದು ಎಲ್ಲೂ ಬರೆದಿಲ್ಲ. ಮನಸ್ಸು ಒಪ್ಪದಿದ್ದರೆ ಆ ಮೂರು ದಿನ ಪುಸ್ತಕ ಮುಟ್ಟಬೇಡಿ, ಆದರೆ ಹೊರಡುವ ಮೊದಲು ಅಡುಗೆಮನೆಯ ಅಟ್ಟ ಇಳಿಸಿ ಕಟ್ಟಿಡಿ.

ಓದಿನ ಲೆಕ್ಕ ಹೀಗಿದೆ. ಒಟ್ಟು 150 ಅಂಕ, ನಿಮಗೆ ಬೇಕಾದದ್ದು 90. ಸಮಾಜ ವಿಜ್ಞಾನ 60, ಎರಡು ಭಾಷೆ ಸೇರಿ 60, ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರ 30. ಆರು ಅಂಕಕ್ಕಾಗಿ ಇಡೀ ಇತಿಹಾಸ ಮತ್ತೆ ಓದುವುದು ಬೇಡ. ಕಳೆದ ಸಲದ ಪ್ರಶ್ನೆಪತ್ರಿಕೆ ತೆಗೆದು ಎಲ್ಲಿ ಜಾಸ್ತಿ ಹೋಯಿತು ಎಂದು ಎಣಿಸಿ. ಸಮಾಜ ವಿಜ್ಞಾನದವರು ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಶಿಶು ವಿಕಾಸದಲ್ಲೋ ಕಳೆದುಕೊಂಡಿರುತ್ತಾರೆ, ಆದರೂ ಓದುವುದು ಮಾತ್ರ ಮತ್ತೆ ಕದಂಬರನ್ನೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದೂ ಖಾಲಿ ಬಿಡಬೇಡಿ. ಮತ್ತೆ, ನಿಮ್ಮ ನೋಟ್ಸು ಟೆಂಪೋಗೆ ಹಾಕಬೇಡಿ. ಮಗಳ ಹಳೆ ಸ್ಕೂಲ್ ಬ್ಯಾಗಿಗೆ ತುಂಬಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಹೊಸ ಮನೆಯಲ್ಲಿ ಹದಿನೈದು ದಿನ ಏನೂ ಸಿಗುವುದಿಲ್ಲ, ಸೌಟು ಹುಡುಕಲು ಹೋದರೆ ಇಸ್ತ್ರಿಪೆಟ್ಟಿಗೆ ಸಿಗುತ್ತದೆ.

ಮಗಳ ಶಾಲೆ ಈ ವರ್ಷ ಬದಲಿಸಬೇಡಿ. ವಿಜಯನಗರ, ಕೆಂಗೇರಿ ಎರಡೂ ಮೆಟ್ರೋದ ನೇರಳೆ ಮಾರ್ಗದಲ್ಲೇ ಇವೆ, ಮಧ್ಯೆ ಎಲ್ಲೂ ಬದಲಿಸುವ ರಗಳೆಯಿಲ್ಲ. ಮಾರ್ಚ್ ತನಕ ಹಾಗೇ ನಡೆಸಿ.

ಓನರ್ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿರಿ. ನೀವು ಬರೆದಿಲ್ಲ, ಆದರೆ ಅಡ್ವಾನ್ಸು ಎರಡು ತಿಂಗಳಾದ ಮೇಲೆ ಕೊಡುತ್ತೇನೆ, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇನೆ ಎನ್ನುವ ಮಾತು ಬಂದೇ ಬರುತ್ತದೆ. ಅಗ್ರಿಮೆಂಟು ತೆಗೆದು ಪೇಂಟಿಂಗ್ ಬಗ್ಗೆ ಏನಿದೆ ನೋಡಿ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಎಂದಿದೆ, ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನದಾಗಿ ಮಾಡಿಕೊಂಡರಷ್ಟೇ ಕಾನೂನು, ಅದನ್ನು ಹಿಡಿದು ಅವರ ಜೊತೆ ವಾದಕ್ಕೆ ಇಳಿಯಬೇಡಿ. ನಿಮ್ಮ ಬಲ ಬೇರೆ ಇದೆ. ಮನೆ ತುರ್ತಾಗಿ ಬೇಕಾಗಿರುವುದು ಅವರಿಗೆ. ದುಡ್ಡು ಮತ್ತು ಕೀ ಒಂದೇ ದಿನ ಕೈ ಬದಲಾಗಲಿ ಎಂದು ಈಗಲೇ ವಾಟ್ಸಾಪಿನಲ್ಲಿ ನಯವಾಗಿ ಬರೆದಿಡಿ. ಖಾಲಿ ಮನೆಯ ಒಂದು ವಿಡಿಯೋ, ಮೀಟರ್ ರೀಡಿಂಗಿನ ಒಂದು ಫೋಟೋ ತೆಗೆದುಕೊಳ್ಳಿ. ಗೃಹಜ್ಯೋತಿಯ ಉಚಿತ ಕರೆಂಟು ತೆಗೆದುಕೊಳ್ಳುತ್ತಿದ್ದರೆ ಹಳೆ ಮನೆಯ ಕರೆಂಟ್ ಬಿಲ್ಲಿನ ಆರ್.ಆರ್. ನಂಬರಿನಿಂದ ಆಧಾರ್ ಡಿಲಿಂಕ್ ಮಾಡಿಸಿ ಹೊಸದಕ್ಕೆ ಜೋಡಿಸಿ, ಸೇವಾ ಸಿಂಧುವಿನಲ್ಲಿ ಆಗುತ್ತದೆ. ಇದನ್ನು ನಿಮ್ಮ ಯಜಮಾನರೇ ಮಾಡಲಿ. ಗ್ಯಾಸು ವರ್ಗಾವಣೆಯೂ ಅವರದ್ದೇ. ಪರೀಕ್ಷೆ ಮುಂದಕ್ಕೆ ಹಾಕು ಅನ್ನುವಷ್ಟು ಸಲೀಸಾಗಿ ಗ್ಯಾಸ್ ಏಜೆನ್ಸಿಯ ಕ್ಯೂನಲ್ಲಿ ನಿಲ್ಲಲೂ ಬರಬೇಕು, ಅಲ್ವಾ?

ದೀಪಾವಳಿಗೆ ಸಾಗರಕ್ಕೆ ಹೋಗಿ. ಇದು ನೀವು ನಿರೀಕ್ಷಿಸಿದ ಉತ್ತರ ಅಲ್ಲ ಎಂದು ಗೊತ್ತು. ದಶಮಿಯಿಂದ ನರಕ ಚತುರ್ದಶಿಗೆ ಹತ್ತೊಂಬತ್ತು ಇಪ್ಪತ್ತು ದಿನ ಸಿಗುತ್ತದೆ, ಅಷ್ಟರಲ್ಲಿ ಮನೆ ಒಂದು ಹದಕ್ಕೆ ಬಂದಿರುತ್ತದೆ, ನೀವು ಹಣ್ಣಾಗಿರುತ್ತೀರಿ. ನೀರು ತುಂಬುವ ದಿನ ತಲುಪಿ, ಎಣ್ಣೆ ಸ್ನಾನ ಮಾಡಿ, ಪಾಡ್ಯದ ದಿನ ಗೋಪೂಜೆ ಮುಗಿಸಿ ರಾತ್ರಿಯೇ ಹೊರಟುಬಿಡಿ. ಅಷ್ಟು ದಿನ ಪುಸ್ತಕ ಬೇಡ, ಬೇರೆಯವರು ಬಡಿಸಿದ ಊಟ ಮಾಡಿ. ತಾಳಗುಪ್ಪ ರೈಲಿನ ಟಿಕೆಟ್ ಇವತ್ತೇ ನೋಡಿ. ಮೊದಲು 120 ದಿನ ಮುಂಚೆ ತೆಗೆಯಬಹುದಿತ್ತು, 2024ರ ನವೆಂಬರಿನಿಂದ 60 ದಿನ, ಹಬ್ಬದ ಸೀಟು ಬೇಗ ಖಾಲಿಯಾಗುತ್ತದೆ. ಬಂದ ಮೇಲೆ ಪರೀಕ್ಷೆಯ ತನಕ ಯಾವ ಸೀಮಂತಕ್ಕೂ ಗೃಹಪ್ರವೇಶಕ್ಕೂ ಹೋಗಬೇಡಿ. ಕಾರ್ತಿಕದಲ್ಲಿ ಕರೆಯುವವರಿಗೆ ಕೊರತೆಯಿಲ್ಲ, ಮುಯ್ಯಿ ಯಜಮಾನರ ಕೈಯಲ್ಲಿ ಕಳಿಸಿ.

ಪ್ರಶ್ನೆ: ಮನೆ ಬದಲಿಸಲು ರಟ್ಟಿನ ಡಬ್ಬ ದುಡ್ಡು ಕೊಟ್ಟು ತರಬೇಕೇ? ನಮ್ಮಲ್ಲಿ ಪುಸ್ತಕ ಬಹಳ.
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಮೆಡಿಕಲ್ ಶಾಪ್ ಮತ್ತು ಕಿರಾಣಿ ಅಂಗಡಿಯಲ್ಲಿ ವಾರ ಮೊದಲೇ ಹೇಳಿಡಿ, ಎತ್ತಿಟ್ಟಿರುತ್ತಾರೆ. ಪುಸ್ತಕಕ್ಕೆ ಚಿಕ್ಕ ಡಬ್ಬವೇ ಆಗಬೇಕು. ದೊಡ್ಡದಕ್ಕೆ ತುಂಬಿದರೆ ತಳ ಕಿತ್ತು ಮೆಟ್ಟಿಲ ಮೇಲೆ ಬೀಳುತ್ತದೆ, ನನ್ನದು ಹಾಗೆ ಬಿದ್ದು ಅರ್ಧ ನಿಘಂಟು ಮಳೆನೀರಿಗೆ ಹೋಯಿತು. ದೊಡ್ಡ ಡಬ್ಬಕ್ಕೆ ದಿಂಬು, ಪ್ಲಾಸ್ಟಿಕ್ಕು. ಡಬ್ಬದ ಮೇಲೆ ಬರೆಯಬೇಡಿ, ಪಕ್ಕದಲ್ಲಿ ಬರೆಯಿರಿ, ಒಂದರ ಮೇಲೊಂದು ಪೇರಿಸಿದ ಮೇಲೆ ಮೇಲಿನ ಬರಹ ಯಾರಿಗೆ ಕಾಣುತ್ತದೆ?

ಪ್ರಶ್ನೆ: ನನ್ನ ಗಂಡ 36ನೇ ವಯಸ್ಸಿನಲ್ಲಿ ಇಲಾಖೆ ಪರೀಕ್ಷೆಗೆ ಓದುತ್ತಿದ್ದಾರೆ. ದಸರಾ ರಜದಲ್ಲಿ ಮಕ್ಕಳು ಸದ್ದು ಮಾಡಿದರೆ ಕೂಗಾಡುತ್ತಾರೆ. ಮಕ್ಕಳನ್ನು ಎಲ್ಲಿಗೆ ಕಳಿಸಲಿ?
– ಓದುಗರು, ಧಾರವಾಡ

ಉತ್ತರ: ಮಕ್ಕಳನ್ನೇಕೆ ಕಳಿಸುತ್ತೀರಿ? ನಿಮ್ಮ ಊರಲ್ಲಿ ಗ್ರಂಥಾಲಯಗಳಿಗೆ ಬರವಿಲ್ಲ. ಡಬ್ಬಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬೆಳಿಗ್ಗೆ ಅವರನ್ನೇ ಕಳಿಸಿ.