ಸುವೊನ್‌ಗೆ ಬರುವ ತಂಗಿಗೆ, ಊಟದ ಆ್ಯಪ್ ವಿಚಾರ

ಮುಂದಿನ ತಿಂಗಳು ಕೆಲಸಕ್ಕೆ ದಕ್ಷಿಣ ಕೊರಿಯಾದ ಸುವೊನ್‌ಗೆ ಬರ್ತಿದ್ದೀಯ. "ಅಕ್ಕಾ, ನಾನು ಸಸ್ಯಾಹಾರಿ, ಬೆಂಗಳೂರಲ್ಲಿದ್ದ ಹಾಗೆ ಆ್ಯಪ್‌ನಲ್ಲೇ ಊಟ ತರಿಸ್ಕೊಂಡು ಇರಬಹುದಾ?" ಅಂತ ಕೇಳಿದ್ದೀಯ. ಇರಬಹುದು. ಆದರೆ ಮೊದಲ ತಿಂಗಳು ಅದನ್ನ ನೆಚ್ಚಬೇಡ. ಕುಕ್ಕರ್, ತೊಗರಿಬೇಳೆ, ಸಾರಿನ ಪುಡಿ ಸೂಟ್‌ಕೇಸಿನಲ್ಲಿರಲಿ.

ಇಲ್ಲಿ ವಿದೇಶಿಯರ ನಿವಾಸಿ ಕಾರ್ಡ್ ಕೈಗೆ ಬಂದಮೇಲೆ ನಿನ್ನ ಹೆಸರಿನಲ್ಲಿ ಫೋನ್ ನಂಬರು, ಇಲ್ಲಿನ ಬ್ಯಾಂಕ್ ಕಾರ್ಡು ಆಗಬೇಕು. ಆಮೇಲೇ ಆ್ಯಪ್ ಸಲೀಸು. ನನ್ನ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರಾಗಿತ್ತು. ಫೋನ್ ಅಂಗಡಿಯವರು ಎರಡು ಹೆಸರನ್ನೂ ಅಂಟಿಸಿ ಬರೆದುಬಿಟ್ಟರು. ಮೂರು ವಾರ ಎಲ್ಲಿ ಹೋದರೂ "ಹೆಸರು ತಾಳೆಯಾಗ್ತಿಲ್ಲ" ಅಂತಲೇ ಬರ್ತಿತ್ತು. ನೀನು ಅಕ್ಷರ ಅಕ್ಷರ ನೋಡಿ ಸಹಿ ಹಾಕು.

ಹೆಚ್ಚು ಜನ ಬಳಸೋ ಊಟದ ಆ್ಯಪ್‌ಗಳು ಅಂದರೆ 2010ರಲ್ಲಿ ಶುರುವಾದ ಬೆಮಿನ್, 2019ರಲ್ಲಿ ಬಂದ ಕೂಪಾಂಗ್ ಈಟ್ಸ್. ಬೆಮಿನ್‌ನ ಪೂರ್ತಿ ಹೆಸರು 'ಬೆದಾಲ್ ಉಯ್ ಮಿನ್‌ಜೊಕ್', ಅದರಲ್ಲಿ ಒಂದು ಶ್ಲೇಷೆ ಇದೆ: 'ಬೆದಾಲ್' ಅಂದರೆ ಮನೆಗೆ ತಂದುಕೊಡೋದು, ಕೊರಿಯನ್ನರು ತಮ್ಮ ಜನಾಂಗವನ್ನು ಕರೆದುಕೊಳ್ಳೋ ಹಳೇ ಹೆಸರೂ ಅದೇ. ನನಗೆ ಅದು ತುಂಬಾ ಇಷ್ಟ. ಆ್ಯಪ್‌ಗಿಂತ ಮುಂಚೆಯೇ ಈ ರೂಢಿ ಇತ್ತು ಇಲ್ಲಿ. ನಾನು 2012ರಲ್ಲಿ ಬಂದಾಗಲೂ ಪಕ್ಕದ ಮನೆಯವರು ಫೋನ್ ಮಾಡಿಯೇ ಜಾಜಾಂಗ್‌ಮ್ಯೊನ್ (ಕಪ್ಪು ಸಾಸಿನ ನೂಡಲ್ಸ್) ತರಿಸೋರು. ಬೈಕಿನವನು ತಗಡಿನ ಪೆಟ್ಟಿಗೆಯಲ್ಲಿ ತಂದುಕೊಡ್ತಿದ್ದ, ತಿಂದ ಬಟ್ಟಲು ಬಾಗಿಲ ಹೊರಗಿಟ್ಟರೆ ಮತ್ತೆ ಬಂದು ಒಯ್ತಿದ್ದ. ಈಗ ಹೆಚ್ಚಾಗಿ ಪ್ಲಾಸ್ಟಿಕ್ ಡಬ್ಬಿ. ತೊಳೆದು ಬೇರೆ ಹಾಕಬೇಕು, ಉಳಿದ ಅನ್ನವೂ ಬೇರೆ ಕಸ. ಒಂದು ಊಟಕ್ಕೆ ನಾಲ್ಕೈದು ಡಬ್ಬಿ ಬಂದಾಗ ನನಗಿನ್ನೂ ಸಂಕಟವಾಗುತ್ತೆ.

ಒಬ್ಬಳಿಗೇ ತರಿಸೋದು ದುಬಾರಿ. ಬಹಳ ಅಂಗಡಿಗಳಲ್ಲಿ ಕನಿಷ್ಠ ಆರ್ಡರ್ ಮೊತ್ತ ಇರುತ್ತೆ, ಕೆಲವು ಕಡೆ ಡೆಲಿವರಿ ಹಣ ಬೇರೆ. ಸಹೋದ್ಯೋಗಿಗಳ ಜೊತೆ ಸೇರಿ ತರಿಸು.

ಇನ್ನು ಸಸ್ಯಾಹಾರ. ಮೆನು ಚಿತ್ರ ನೋಡಿ ಮೋಸ ಹೋಗಬೇಡ. ಕಿಂಬಾಪ್ ಅಂದರೆ ಕಡಲಪಾಚಿ ಹಾಳೆಯಲ್ಲಿ ಸುತ್ತಿದ ಅನ್ನದ ಸುರುಳಿ. 'ತರಕಾರಿ ಕಿಂಬಾಪ್' ಅಂದರೂ ಒಳಗೆ ಹ್ಯಾಮ್ (ಹಂದಿಮಾಂಸ), ಅರೆದ ಮೀನಿನಿಂದ ಮಾಡಿದ ಪಟ್ಟಿ ಇರಬಹುದು. ಇಲ್ಲಿನ ಹುಳಿ ಬಂದ ಖಾರದ ತರಕಾರಿ ಉಪ್ಪಿನಕಾಯಿ ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪೂರಿಸಿದ ಸೀಗಡಿ, ಮೀನಿನ ರಸ ಹಾಕಿರ್ತಾರೆ. ಆರ್ಡರ್ ಮಾಡುವಾಗ ಅಂಗಡಿಯವರಿಗೆ ಕೋರಿಕೆ ಬರೆಯೋ ಜಾಗ ಇರುತ್ತೆ. "ಗೋಗಿ, ಹ್ಯಾಮ್, ಒಮುಕ್ ಪ್ಪೆ ಜುಸೆಯೊ", ಮಾಂಸ, ಹ್ಯಾಮ್, ಮೀನಿನ ಪಟ್ಟಿ ತೆಗೆದುಬಿಡಿ ಅಂತ. ನಮ್ಮ ಬೀದಿಯ ಕಿಂಬಾಪ್ ಅಂಗಡಿಯಾಕೆಗೆ ನಾನು ಇದನ್ನೇ ಬರೆದಿದ್ದೆ. ಡಬ್ಬಿ ಮುಚ್ಚಳದ ಮೇಲೆ ನೀಲಿ ಪೆನ್ನಿನಲ್ಲಿ ಬರೆದು ಕಳಿಸಿದ್ದಳು: "ಎಲ್ಲ ತೆಗೆದಿದ್ದೇನೆ, ಪಾಲಕ್ ಜಾಸ್ತಿ ಹಾಕಿದ್ದೇನೆ." ಅವತ್ತು ಊಟ ಮಾಡುವಾಗ ಕಣ್ಣು ತುಂಬಿ ಬಂತು.

ನೀನು ಮೊಟ್ಟೆನೂ ತಿನ್ನಲ್ಲ ಅಂದರೆ 'ಗ್ಯೆರಾನ್' ಅಂತ ಸೇರಿಸಬೇಕು. ಹೇಳು, ಪೂರ್ತಿ ವಾಕ್ಯ ಹಂಗುಲ್ ಲಿಪಿಯಲ್ಲೇ ಬರೆದು ಕಳಿಸ್ತೀನಿ, ಫೋನಿನಲ್ಲಿ ಇಟ್ಕೋ.