ಜೂನ್ 1ರಂದು ಹುಟ್ಟಿದವರು

ಯಾದಗಿರಿ ಜಿಲ್ಲೆಯ ಶಹಾಪುರದಿಂದ ತಂದೆಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. 14 ವರ್ಷದೊಳಗಿನವರ ವಾಲಿಬಾಲ್‌ನಲ್ಲಿ ಅವರ ಮಗನ ತಂಡ ಸೋತಿದೆ; ಎದುರು ತಂಡದಲ್ಲಿ ಮೀಸೆ ಮೂಡಿದ ಮೂವರಿದ್ದರಂತೆ. ಅಮೆರಿಕದಲ್ಲಿ ಲಾಕ್ರಾಸ್ ಎಂಬ ಕೋಲು-ಚೆಂಡಿನ ಆಟದ ಲೀಗ್‌ಗಳು ಸೆಪ್ಟೆಂಬರ್ 1ನ್ನು ಗಡಿಯಾಗಿಟ್ಟು ವಯಸ್ಸು ಎಣಿಸುವಾಗ ನಮಗೇಕೆ ಆ ಶಿಸ್ತಿಲ್ಲ, ಎಕ್ಸ್‌ರೇ ತೆಗೆಸಿ ಸುಳ್ಳು ವಯಸ್ಸಿನ ಹುಡುಗರನ್ನು ಜೀವನಪೂರ್ತಿ ಹೊರಗಿಡಬಾರದೇಕೆ ಎಂದು ಕೇಳಿದ್ದಾರೆ.

ಮಾನ್ಯರೇ, ಶರಣು.

ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ಮೊದಲು ಒಂದು ತಪ್ಪೊಪ್ಪಿಗೆ. ದಾಖಲೆಯಲ್ಲಿ ನಾನು ಹುಟ್ಟಿದ್ದೂ ಜೂನ್ 1. ನಮ್ಮವ್ವನ ಲೆಕ್ಕದಲ್ಲಿ ತೊಗರಿ ರಾಶಿ ಮುಗಿದ ವಾರ. ಹೆಡ್‌ಮಾಸ್ತರರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ದಾಖಲಾತಿಗೆ ಒಪ್ಪುವ ತಾರೀಖು ಬರೆದುಕೊಂಡರು. ಕಲಬುರಗಿಯ ನಮ್ಮ ಕಚೇರಿಯಲ್ಲಿ ಆ ದಿನ ಮೂವರಿಗೆ ಶುಭಾಶಯ ಹೇಳಬೇಕಾಗುತ್ತದೆ. ಜೇವರ್ಗಿ, ಸುರಪುರ, ಆಳಂದದ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋದವರ ಎಷ್ಟೋ ಮಕ್ಕಳು ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಹುಟ್ಟಿ, ಶಾಲೆಗೆ ತಡವಾಗಿ ಸೇರಿದವರು. ತನ್ನ ವಯಸ್ಸು ತನಗೇ ತಿಳಿಯದ ಹುಡುಗ ಸುಳ್ಳುಗಾರನಾಗುವುದು ಹೇಗೆ? ಗೊತ್ತಿದ್ದೂ ಕಾಗದ ತಿದ್ದುವ ದೊಡ್ಡವರಿದ್ದಾರೆ, ನಿಜ. ಜೀವನಪೂರ್ತಿ ನಿಷೇಧ ಅವರಿಗಿರಲಿ.

ಎಕ್ಸ್‌ರೇ ವಿಷಯ. ಎಡ ಮಣಿಕಟ್ಟಿನ ಎಲುಬುಗಳ ಬೆಳವಣಿಗೆ ನೋಡಿ ವಯಸ್ಸು ಅಂದಾಜಿಸುವ ಟಿಡಬ್ಲ್ಯು3 ವಿಧಾನವನ್ನು ಬಿಸಿಸಿಐ ಕಿರಿಯರ ಕ್ರಿಕೆಟ್‌ನಲ್ಲಿ ಬಳಸುತ್ತದೆ. ಅದು ಎಲುಬಿನ ವಯಸ್ಸು, ಹುಟ್ಟಿದ ತಾರೀಖಲ್ಲ. ಇಂಥ ಅಂದಾಜು ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಹೊಟ್ಟೆತುಂಬ ಉಣ್ಣದ ಹುಡುಗನ ಎಲುಬು ನಿಧಾನವಾಗಿ ಬಲಿಯುತ್ತದೆ. ಬೇಗ ಬೆಳೆದವನದು ಮುಂದಿರುತ್ತದೆ. ಹದಿನೈದರವನು ಪಾಸಾಗಿ, ನಿಜವಾಗಿ ಹದಿಮೂರರವನು ಸಿಕ್ಕಿಬೀಳಬಹುದು. ನಿಮ್ಮ ಮಗನಿಗೂ ಮುಂದಿನ ವರ್ಷ ಮೀಸೆ ಬರಬಹುದಲ್ಲ!

ಇನ್ನು ಲಾಕ್ರಾಸ್. ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದು. 2023ರಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಜೊತೆ ಅದನ್ನೂ ಸೇರಿಸಿತು. ಸೆಪ್ಟೆಂಬರ್ 1ರ ಎಣಿಕೆ ಯುಎಸ್‌ಎ ಲಾಕ್ರಾಸ್ ಸಂಸ್ಥೆಯದು, ಸರಿ. ಆದರೆ ಕ್ಲಬ್‌ಗಳ ಅನೇಕ ಪಂದ್ಯಾವಳಿಗಳಲ್ಲಿ ತಂಡ ಕಟ್ಟುವುದು ಹೈಸ್ಕೂಲು ಮುಗಿಸುವ ವರ್ಷದ ಮೇಲೆ. ಹಾಗಾಗಿ ಕೆಲವು ತಂದೆತಾಯಿ ಮಗನನ್ನು ಬೇಕೆಂದೇ ಒಂದು ತರಗತಿ ಹಿಂದೆ ಉಳಿಸುತ್ತಾರೆ, ಒಂದು ವರ್ಷ ದೊಡ್ಡವನಾಗಿ ಕಾಲೇಜು ತರಬೇತುದಾರರ ಕಣ್ಣಿಗೆ ಬೀಳಲಿ ಎಂದು. ನಮ್ಮ ಕಾಲದಲ್ಲಿ ಫೇಲಾದವನು ಊರಿಗೆ ಮುಖ ತೋರಿಸುತ್ತಿರಲಿಲ್ಲ! ಅಲ್ಲಿ ಜನನ ಪತ್ರ ನೆಟ್ಟಗಿದ್ದೂ ಜಗಳ ನಿಂತಿಲ್ಲ.

ಅವರಿಂದ ಕಲಿಯುವುದಿದ್ದರೆ ಬೇರೊಂದಿದೆ. ಒಂದು ಕಾಲಕ್ಕೆ ಎಂಟು-ಒಂಬತ್ತನೇ ತರಗತಿಯ ಮಕ್ಕಳೊಂದಿಗೇ ಕಾಲೇಜುಗಳು ಸೀಟು ಮಾತಾಡಿಕೊಳ್ಳುತ್ತಿದ್ದವು. 2017ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಮಂಡಳಿ, 11ನೇ ತರಗತಿಯ ಸೆಪ್ಟೆಂಬರ್ 1ರವರೆಗೆ ಲಾಕ್ರಾಸ್ ತರಬೇತುದಾರರು ಆಟಗಾರರನ್ನು ಸಂಪರ್ಕಿಸುವಂತಿಲ್ಲ ಎಂದು ಕಟ್ಟುಹಾಕಿತು. ಎಳೆಯ ವಯಸ್ಸಿನ ಗೆಲುವಿಗೆ ಕೊಡುವ ಬೆಲೆ ತಗ್ಗಿದರೆ ವಯಸ್ಸು ಕದಿಯುವ ಆಸೆಯೂ ತಗ್ಗೀತು. ನಾವೋ, ಹದಿನಾಲ್ಕರೊಳಗಿನವರ ಕಪ್ಪಿಗೆ ಶಾಲೆಯ ಮಾನ, ಮಾಸ್ತರರ ಮಾನ, ಊರಿನ ಮಾನ ಎಲ್ಲವನ್ನೂ ಕಟ್ಟಿಬಿಟ್ಟಿದ್ದೇವೆ.

ಕಾಗದವೂ ಸುಧಾರಿಸುತ್ತಿದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಅವರು ವಾಲಿಬಾಲ್ ಅಂಕಣಕ್ಕೆ ಇಳಿಯುವವರೆಗೆ ಆಯೋಜಕರು ಒಂದಾದರೂ ಮಾಡಲಿ: ಶಾಲೆಯ ದಾಖಲಾತಿ ಪುಸ್ತಕವನ್ನು ಪಂದ್ಯಕ್ಕೆ ಮೊದಲು ಎರಡೂ ಕಡೆಯವರ ಎದುರು ತೆರೆಯಲಿ, ಸೋತ ಮೇಲಲ್ಲ.

ನೀವು ಕಳಿಸಿದ ಫೋಟೊ ಅಚ್ಚು ಹಾಕುತ್ತಿಲ್ಲ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ ಆ ಹುಡುಗ ಕಪ್ ಹಿಡಿದು ನಗುತ್ತಿದ್ದಾನೆ. ಅವನ ಮುಖ ನಮ್ಮ ಪತ್ರಿಕೆಯಲ್ಲಿ ಹಾಗೆ ಬರುವುದು ಬೇಡ. ಅಂಚೆಯಲ್ಲಿ ಹಿಂದಿರುಗಿಸಿದ್ದೇವೆ.

— ಸಂಪಾದಕ