ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಒಂದೇ ದಿನದಲ್ಲಿ ದೂಧಸಾಗರ ನೋಡಿ ಬರಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ‘ಹುಬ್ಬಳ್ಳಿಯಿಂದ ಮುಂಜಾನೆ ಹೊಂಟು ರಾತ್ರಿಯೊಳಗ ಮನಿ ಸೇರೋ ಹಂಗ ದೂಧಸಾಗರ ನೋಡಬಹುದಾ? ಗದಗದಿಂದ ಅಪ್ಪ-ಅವ್ವ ಬರ್ತಾರ, ಇಬ್ರು ಸಣ್ಣ ಹುಡುಗರು ಅದಾರ. ದೂಧಸಾಗರ ಸ್ಟೇಷನ್ನಿನಾಗ ಇಳಿದು ಫಾಲ್ಸ್ ಹತ್ರ ಹೋಗಾಕ ಬಿಡ್ತಾರೇನು?’

ಕಡೆಯದಕ್ಕೆ ಮೊದಲು ಉತ್ತರ: ಬಿಡುವುದಿಲ್ಲ, ಇಳಿಯಲೂ ಬೇಡಿ. ಗಾಡಿ ಅಲ್ಲಿ ನಿಂತರೂ ಅದು ಸಿಗ್ನಲ್‌ಗೋ ಕ್ರಾಸಿಂಗ್‌ಗೋ ನಿಂತಿರುತ್ತದೆ, ಪ್ರವಾಸಿಗರಿಗಾಗಿ ಅಲ್ಲ. ಸ್ಟೇಷನ್ನಿನಿಂದ ಜಲಪಾತಕ್ಕೆ ಹೋಗಬೇಕಾದರೆ ಹಳಿಯ ಮೇಲೆಯೇ ನಡೆದು ಸುರಂಗ ದಾಟಬೇಕು. ಒಳಗೆ ಕತ್ತಲೆ, ಮಳೆಗಾಲದಲ್ಲಿ ಮೇಲಿನಿಂದ ನೀರು ಸೋರುತ್ತಿರುತ್ತದೆ, ಗಾಡಿ ಬಂದರೆ ಸರಿದು ನಿಲ್ಲಲು ಜಾಗ ಕಡಿಮೆ. 2023ರ ಜುಲೈನಲ್ಲಿ ಹೀಗೆ ಇಳಿದು ನಡೆದವರಿಗೆ ಪೊಲೀಸರು ಹಳಿಯ ಪಕ್ಕದಲ್ಲೇ ಬಸ್ಕಿ ಹೊಡೆಸಿದ ವಿಡಿಯೊ ಊರೆಲ್ಲ ಓಡಾಡಿತ್ತು. ಆಗಲೇ ನೈಋತ್ಯ ರೈಲ್ವೆ, ಜಲಪಾತವನ್ನು ಡಬ್ಬಿಯ ಒಳಗಿನಿಂದಲೇ ನೋಡಿ ಎಂದು ಬಹಿರಂಗವಾಗಿ ಎಚ್ಚರಿಸಿತು. ರೈಲ್ವೆ ಕಾಯ್ದೆಯ ಕಲಂ 147ರ ಪ್ರಕಾರ ಹಳಿಗೆ ಅತಿಕ್ರಮ ಪ್ರವೇಶ ಮಾಡಿದರೆ 6 ತಿಂಗಳವರೆಗೆ ಸಜೆ, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಘಟ್ಟದ ಮೇಲಿನ ಸ್ಟೇಷನ್ ಕ್ಯಾಸಲ್‌ರಾಕ್‌ನಿಂದ ಹಳಿಗುಂಟ ನಡೆಯುವ ಹಳೆಯ ಟ್ರೆಕ್ಕಿನ ವಿಡಿಯೊಗಳು ಇನ್ನೂ ಯೂಟ್ಯೂಬ್‌ನಲ್ಲಿವೆ. ಅವನ್ನು ನೋಡಿ ಹೊರಡಬೇಡಿ.

ಇನ್ನು ಹೋಗುವ ದಾರಿ. ದೂಧಸಾಗರಕ್ಕೆ ಎರಡು ಬೇರೆ ಬೇರೆ ಪ್ರವಾಸಗಳಿವೆ, ಇವೆರಡನ್ನೂ ಕಲಸಿಕೊಂಡವರೇ ಪೇಚಿಗೆ ಸಿಗುವುದು. ಒಂದು ಕಿಟಕಿಯಿಂದ ನೋಡುವುದು. ಇದು ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳ ಕೆಲಸ. ಇನ್ನೊಂದು ಗೋವಾದ ಕುಲೇಮ್‌ನಲ್ಲಿ ಇಳಿದು ಜೀಪಿನಲ್ಲಿ ಕಾಡೊಳಗೆ ಹೋಗಿ ಜಲಪಾತದ ಬುಡ ಮುಟ್ಟುವುದು. ಜೀಪು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ ಮಾತ್ರ. ಮಳೆಗಾಲದಲ್ಲಿ ಅದು ದಾಟಬೇಕಾದ ಹಳ್ಳಗಳೇ ತುಂಬಿ ಹರಿಯುತ್ತವೆ, ದಾರಿ ಬಂದ್.

ಗಾಡಿಗಳ ಪೈಕಿ ನಿಮಗೆ ಲೆಕ್ಕಕ್ಕೆ ಬರುವುದು ಮೂರೇ.

18047/18048 ಅಮರಾವತಿ ಎಕ್ಸ್‌ಪ್ರೆಸ್, ಕೋಲ್ಕತ್ತಾ ಕಡೆಯ ಶಾಲಿಮಾರ್‌ನಿಂದ ಗೋವಾದ ವಾಸ್ಕೋಗೆ, ವಾರಕ್ಕೆ ನಾಲ್ಕು ದಿನ. ಹೊಸಪೇಟೆ, ಕೊಪ್ಪಳ, ಗದಗ ಮೇಲೆ ಬರುತ್ತದೆ. ಹೋಗುವಾಗ ಮುಂಜಾನೆ ಹುಬ್ಬಳ್ಳಿ ಬಿಟ್ಟು ನಡುಹಗಲಿಗೆ ಘಟ್ಟ ಇಳಿಯುತ್ತದೆ. ಬರುವಾಗ ಬೆಳಿಗ್ಗೆ ವಾಸ್ಕೋ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಹುಬ್ಬಳ್ಳಿ. ಎರಡೂ ಕಡೆ ಹಗಲು, ಅದಕ್ಕೇ ಇದು ಮುಖ್ಯ.

17309/17310 ಯಶವಂತಪುರ–ವಾಸ್ಕೋ ರಾತ್ರಿ ಗಾಡಿ. ‘ಡೈರೆಕ್ಟ್ ಗೋವಾ ಗಾಡಿ’ ಅಂತ ಬಹಳ ಜನ ಇದಕ್ಕೇ ಬುಕ್ ಮಾಡಿ, ಜಲಪಾತ ದಾಟುವಾಗ ಗೊರಕೆ ಹೊಡೆಯುತ್ತಿರುತ್ತಾರೆ. ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ.

12779 ಗೋವಾ ಎಕ್ಸ್‌ಪ್ರೆಸ್, ವಾಸ್ಕೋದಿಂದ ದಿಲ್ಲಿಯ ನಿಜಾಮುದ್ದೀನ್‌ಗೆ. ಮಧ್ಯಾಹ್ನ ವಾಸ್ಕೋ ಬಿಟ್ಟು ಸಂಜೆ ಘಟ್ಟ ಏರುತ್ತದೆ. ಲೋಂಡಾ ತನಕ ನಮ್ಮ ದಾರಿ, ಅಲ್ಲಿಂದ ಬೆಳಗಾವಿ ಕಡೆ ತಿರುಗುತ್ತದೆ. ಹುಬ್ಬಳ್ಳಿಗೆ ಬರುವುದಿಲ್ಲ.

ನೀವು ಕೇಳಿದಂತೆ ಮುಂಜಾನೆ ಹೋಗಿ ರಾತ್ರಿ ಬರುವ ಲೆಕ್ಕ ಹೀಗೆ: ಅಮರಾವತಿಯಲ್ಲಿ ಕುಲೇಮ್ ತನಕ ಹೋಗಿ ಇಳಿಯಿರಿ, ಅಲ್ಲೇ ಊಟ ಮಾಡಿ ಕಾಯಿರಿ, ಸಂಜೆ ಗೋವಾ ಎಕ್ಸ್‌ಪ್ರೆಸ್ ಹತ್ತಿ ವಾಪಸ್ ಬನ್ನಿ. ಜಲಪಾತ ಎರಡು ಸಲ ಸಿಗುತ್ತದೆ. ಆದರೆ ಆ ನಡುವಿನ ಹೊತ್ತಿನಲ್ಲಿ ಜೀಪಿಗೆ ಹೋಗಿಬರೋಣ ಎಂದು ಆಸೆ ಪಡಬೇಡಿ. ಜೀಪಿನಲ್ಲಿ ಹೋಗಲು ಮುಕ್ಕಾಲು ತಾಸು, ಬರಲು ಮುಕ್ಕಾಲು ತಾಸು, ಬುಡದಲ್ಲಿ ಒಂದೂವರೆ ತಾಸು, ಅದರ ಮೇಲೆ ಟಿಕೆಟ್ಟಿನ ಸಾಲು. ಅಮರಾವತಿ ತುಸು ತಡವಾದರೂ ಸಂಜೆಯ ಗಾಡಿ ಕೈ ತಪ್ಪುತ್ತದೆ.

ಈ ಯೋಜನೆಯಲ್ಲಿ ಕೈ ಕೊಡುವುದು ಲೋಂಡಾ. ಸಂಜೆ ಬೆಳಗಾವಿ ಕಡೆಯಿಂದ ಹುಬ್ಬಳ್ಳಿಗೆ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಅಲ್ಲಿ ಸಿಗುವುದುಂಟು, ಆದರೆ ಎರಡೂ ಗಾಡಿಗಳ ನಡುವೆ ಬಿಡುವು ಕಡಿಮೆ. ಘಟ್ಟದಲ್ಲಿ ಒಂದೇ ಹಳಿ. ಎದುರಿನ ಗೂಡ್ಸ್‌ಗೆ ದಾರಿ ಬಿಟ್ಟುಕೊಟ್ಟು ಅರ್ಧ ತಾಸು ನಿಂತರೆ ಮುಗಿಯಿತು. ರಾತ್ರಿ ಹೊತ್ತು ಲೋಂಡಾದಲ್ಲಿ ಹಿರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಬಸ್ಸಿಗೆ ಪರದಾಡಬೇಕಾಗುತ್ತದೆ. ಅದಕ್ಕೆ ಗೋವಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆಸುವಾಗ ಲೋಂಡಾಕ್ಕಲ್ಲ, ಬೆಳಗಾವಿಗೆ ತೆಗೆಸಿ. ಚೆನ್ನಮ್ಮ ಸಿಗುವಂತಿದ್ದರೆ ಲೋಂಡಾದಲ್ಲಿ ಇಳಿದು ಹುಬ್ಬಳ್ಳಿಗೆ ಬೇರೆ ಟಿಕೆಟ್ ಮಾಡಿ, ಇಲ್ಲವಾದರೆ ಸುಮ್ಮನೆ ಬೆಳಗಾವಿಗೆ ಹೋಗಿಬಿಡಿ. ಅಲ್ಲಿಂದ ಧಾರವಾಡ–ಹುಬ್ಬಳ್ಳಿಗೆ ರಾತ್ರಿಯಲ್ಲೂ ಬಸ್ಸುಗಳಿವೆ, ನಾಲ್ಕು ಪಥದ ರಸ್ತೆ, ಎರಡು ತಾಸಿನ ದಾರಿ. ಟಿಕೆಟ್ ದರದಲ್ಲೂ ದೊಡ್ಡ ಫರಕು ಬೀಳದು: ಸ್ಲೀಪರ್‌ನಲ್ಲಿ ಎಷ್ಟೇ ಹತ್ತಿರ ಹೋದರೂ ಕನಿಷ್ಠ 200 ಕಿ.ಮೀ. ದರವನ್ನೇ ಹಿಡಿಯುತ್ತಾರೆ, ಕುಲೇಮ್‌ನಿಂದ ಬೆಳಗಾವಿ ಅದರೊಳಗೇ ಬರುತ್ತದೆ.

ನಿಮ್ಮ ಮನೆಯವರ ಲೆಕ್ಕ ಹಾಕಿದರೆ ನಾನು ಸೂಚಿಸುವುದು ಇದನ್ನಲ್ಲ, ತಿರುಗಿಸಿದ ಯೋಜನೆಯನ್ನು. ರಾತ್ರಿ ಹುಬ್ಬಳ್ಳಿಯಲ್ಲಿ 17309 ಹತ್ತಿ ಮಲಗಿಬಿಡಿ. ನಸುಕಿನಲ್ಲಿ ಮಡಗಾಂವದಲ್ಲಿ ಇಳಿದು ವೇಟಿಂಗ್ ರೂಮಿನಲ್ಲಿ ಮುಖ ತೊಳೆದು ಚಹಾ ಕುಡಿಯಿರಿ. ಬೆಳಿಗ್ಗೆ 18048 ಅಮರಾವತಿಯಲ್ಲಿ ವಾಪಸ್ ಹೊರಡಿ. ಬರುವ ದಾರಿಯಲ್ಲಿ ಎಲ್ಲೂ ಗಾಡಿ ಬದಲಿಸುವ ತಲೆನೋವಿಲ್ಲ, ಮಧ್ಯಾಹ್ನ ನೀವು ಹುಬ್ಬಳ್ಳಿಯಲ್ಲಿ ಇಳಿದರೆ ಅಪ್ಪ-ಅವ್ವ ಅದೇ ಗಾಡಿಯಲ್ಲಿ ನೇರ ಗದಗ ಮುಟ್ಟುತ್ತಾರೆ. ರಜೆ ಹಾಕಬೇಕಾದದ್ದೂ ಒಂದೇ ದಿನ. ಕೊರತೆ ಎಂದರೆ ಮಡಗಾಂವದಲ್ಲಿ ಕಾಯುವ ಹೊತ್ತು, ಮತ್ತೆ ಜಲಪಾತ ಒಂದೇ ಸಲ ಕಾಣುವುದು. ರಾತ್ರಿ ಗಾಡಿ ದಿನಾಲೂ ಇದೆ, ಅಮರಾವತಿ ಇಲ್ಲ. ಹಾಗಾಗಿ ಮೊದಲು 18048 ವಾಸ್ಕೋ ಬಿಡುವ ದಿನ ನೋಡಿಕೊಂಡು ಹಿಂದಿನ ರಾತ್ರಿಗೆ 17309 ಬುಕ್ ಮಾಡಿ. ಇದನ್ನು ಉಲ್ಟಾ ಮಾಡಿದವರು ಮಡಗಾಂವದಲ್ಲಿ ದಿನವಿಡೀ ಕೂತಿದ್ದುಂಟು.

ಯಾವ ಮಗ್ಗಲಿಗೆ ಕೂಡಬೇಕು ಎಂಬ ಬಗ್ಗೆ ಜನ ಎರಡು ಥರ ಹೇಳುತ್ತಾರೆ, ಇಬ್ಬರು ಹೇಳುವುದೂ ಖರೆ. ಹಳಿ ಬೆಟ್ಟದ ಹೊಟ್ಟೆಗುಂಟ ಕೊರೆದುಕೊಂಡು ಹೋಗುತ್ತದೆ. ಗೋವಾ ಕಡೆ ಇಳಿಯುವಾಗ ಎಡಕ್ಕೆ ಬೆಟ್ಟ, ಬಲಕ್ಕೆ ಕಣಿವೆ. ಜಲಪಾತ ಬೆಟ್ಟದಿಂದ ಬಿದ್ದು, ಹಳಿಯ ಸೇತುವೆ ಕೆಳಗೆ ನುಗ್ಗಿ ಕಣಿವೆಗೆ ಇಳಿಯುತ್ತದೆ. ಸೇತುವೆಯ ಮೇಲೆ ಎಡ ಕಿಟಕಿಯವರಿಗೆ ನೀರು ಎದೆ ಮುಂದೆಯೇ. ತುಂತುರು ಒಳಗೆ ಬಂದು ಕನ್ನಡಕ ಒದ್ದೆಯಾಗುತ್ತದೆ, ಆದರೆ ತಲೆ ಎತ್ತಿದರೂ ತುದಿ ಕಾಣದಷ್ಟು ಹತ್ತಿರ. 310 ಮೀಟರ್ ಎತ್ತರದ ಇಡೀ ಜಲಪಾತ, ನಡುವೆ ಸೇತುವೆ, ಫೋಟೊಗಳಲ್ಲಿ ನೋಡುತ್ತೇವಲ್ಲ, ಆ ನೋಟ ಇರುವುದು ಸೇತುವೆ ದಾಟಿ ಮುಂದಿನ ಸ್ಟೇಷನ್ ಸೋನಾಲಿಯಮ್ ಕಡೆ ತಿರುವು ತೆಗೆದುಕೊಂಡ ಮೇಲೆ, ಬಲಕ್ಕೆ, ಹಿಂದಕ್ಕೆ ಕತ್ತು ಹೊರಳಿಸಿದರೆ. ಗೋವಾದಿಂದ ಏರಿ ಬರುವಾಗ ಎಲ್ಲ ಅದಲುಬದಲು: ಮೊದಲು ಎಡಗಡೆ ಕಣಿವೆಯಾಚೆ ಪೂರ್ತಿ ಜಲಪಾತ, ಆಮೇಲೆ ಸೇತುವೆಯಲ್ಲಿ ಬಲಕ್ಕೆ ಮುಖಾಮುಖಿ. ದೂರದಿಂದ ಕಂಡು ಹತ್ತಿರಕ್ಕೆ ಬರುವ ಈ ಸರದಿ ನನಗೆ ಹೆಚ್ಚು ಹಿಡಿಸುತ್ತದೆ, ಕತ್ತೂ ನೋಯುವುದಿಲ್ಲ. ಸೀಟ್ ನಂಬರ್ ನೋಡಿ ಮಗ್ಗಲು ಹೇಳಲಾಗದು, ಡಬ್ಬಿ ಯಾವ ಮುಖವಾಗಿ ಜೋಡಣೆಯಾಗಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಹಗಲು ಹೊತ್ತು ಆದ್ದರಿಂದ ಪಕ್ಕದವರ ಜೊತೆ ಮಾತಾಡಿ ಮಕ್ಕಳನ್ನು ಅತ್ತ ಇತ್ತ ಕೂಡಿಸಿಕೊಳ್ಳಬಹುದು. ಸ್ಲೀಪರ್ ತೆಗೆಸಿ, ಏಸಿ ಬೇಡ: ಏಸಿ ಕಿಟಕಿ ತೆರೆಯದು, ಮಳೆಯಲ್ಲಿ ಗಾಜು ಮಬ್ಬಾಗಿ ಹೊರಗೆ ಬಿಳಿ ಗೋಡೆ ಬಿಟ್ಟರೆ ಏನೂ ಕಾಣದು. ಬಾಗಿಲ ಮೆಟ್ಟಿಲ ಮೇಲೆ ಕೂತು ವಿಡಿಯೊ ಮಾಡುವುದಕ್ಕೂ ಕಲಂ 156ರಲ್ಲಿ ದಂಡ ಇದೆ.

ಒಟ್ಟು ನೋಟ ಎಂದರೆ ಕೆಲವೇ ನಿಮಿಷ. ಹಾಗಾದರೆ ಇಷ್ಟಕ್ಕೇ ಇಷ್ಟೆಲ್ಲ ಯಾಕೆ ಅನ್ನಬೇಡಿ. ನೋಡಬೇಕಾದದ್ದು ಕ್ಯಾಸಲ್‌ರಾಕ್‌ನಿಂದ ಕುಲೇಮ್‌ವರೆಗಿನ 26 ಕಿ.ಮೀ. ಘಟ್ಟ ಪೂರ್ತಿ. ಬ್ರಿಟಿಷ್ ಸೀಮೆ ಮತ್ತು ಪೋರ್ಚುಗೀಸ್ ಗೋವಾವನ್ನು ಜೋಡಿಸಲು 1880ರ ದಶಕದಲ್ಲಿ ಕಡಿದ ದಾರಿ ಇದು, ಆಗ ಮೀಟರ್ ಗೇಜ್. ಕ್ಯಾಸಲ್‌ರಾಕ್‌ನಲ್ಲಿ ಸುಂಕದ ಕಟ್ಟೆ ಇತ್ತು. ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದಕ್ಕೆ ಹೋದರೆ 1 ಮೀಟರ್ ಮೇಲಕ್ಕೆ. ರೈಲಿಗೆ ಇದು ಭಾರೀ ಕಡಿದಾದ ಏರು. ಅದಕ್ಕೇ ಏರುವಾಗ ಕುಲೇಮ್‌ನಲ್ಲಿ ಹೆಚ್ಚುವರಿ ಎಂಜಿನ್‌ಗಳನ್ನು ಹಚ್ಚುತ್ತಾರೆ, ಬ್ಯಾಂಕರ್ ಅಂತ ಕರೆಯುತ್ತಾರೆ. ಕುಲೇಮ್‌ನಲ್ಲಿ ಗಾಡಿ ನಿಂತೇ ಇದ್ದು, ಆಮೇಲೆ ಡಬ್ಬಿ ಒಮ್ಮೆ ‘ಧಡ್’ ಅಂದರೆ ಗಾಬರಿ ಬೀಳಬೇಡಿ, ಎಂಜಿನ್ ಕೂಡಿಸಿದ್ದಷ್ಟೇ. ಇಳಿಯುವಾಗ ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ತಪಾಸಣೆ ಆಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾಯ್ದ ವಾಸನೆ ಕಿಟಕಿಯಿಂದ ಬಂದರೆ ಅದೂ ಸಹಜವೇ. ಅವ್ವಂಗೆ ಮೊದಲೇ ಹೇಳಿಟ್ಟಿರಿ.

ಯಾವಾಗ ಹೋಗಬೇಕು? ಜುಲೈ–ಆಗಸ್ಟ್‌ನಲ್ಲಿ ನೀರು ಅಬ್ಬರ, ಆದರೆ ಮಂಜು ಯಾವಾಗ ಮುಚ್ಚುತ್ತದೆ ಹೇಳಲಾಗದು. ಬರೇ ಸಪ್ಪಳ ಕೇಳಿ ಬಂದವರೂ ಇದ್ದಾರೆ. ಗುಡ್ಡ ಕುಸಿತ ಇನ್ನೊಂದು: 2021ರ ಜುಲೈನಲ್ಲಿ ದೂಧಸಾಗರ–ಸೋನಾಲಿಯಮ್ ನಡುವೆ ಮಣ್ಣು ಕುಸಿದು ಪ್ರಯಾಣಿಕರ ಗಾಡಿಯೇ ಹಳಿ ತಪ್ಪಿತ್ತು, 2024ರ ಆಗಸ್ಟ್‌ನಲ್ಲಿ ಅದೇ ಘಟ್ಟದಲ್ಲಿ ಗೂಡ್ಸ್ ಹಳಿ ತಪ್ಪಿ ಗಾಡಿಗಳು ರದ್ದಾಗಿದ್ದವು. ಹಿರಿಯರನ್ನು ಕರೆದೊಯ್ಯುವವರಿಗೆ ಸೆಪ್ಟೆಂಬರ್ ಕಡೆಯ ವಾರದಿಂದ ಅಕ್ಟೋಬರ್ ಮುಗಿಯುವ ತನಕ ಬರೋಬ್ಬರಿ ಹೊತ್ತು. ನೀರು ಇನ್ನೂ ಹಾಲಿನಂತೆಯೇ ಇರುತ್ತದೆ, ಆಕಾಶ ತೆರೆದಿರುತ್ತದೆ. ಮಾರ್ಚ್ ನಂತರ ಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುವ ನೀರು ನೋಡಲು ಇಷ್ಟು ದೂರ ಹೋಗುವುದು ನನ್ನ ಪ್ರಕಾರ ದುಡ್ಡು ದಂಡ. ಹಂಗೇ ಒಂದು ಮಾತು: ಕಳಸಾ-ಬಂಡೂರಿ ಅಂತ ನಾವು ವರ್ಷಗಟ್ಟಲೆ ರಸ್ತೆಗಿಳಿದದ್ದು ಈ ಮಹದಾಯಿ ಕೊಳ್ಳದ ನೀರಿಗೇ. ಮಕ್ಕಳಿಗೆ ಭೂಗೋಳ ಹೇಳಲು ಇದಕ್ಕಿಂತ ಒಳ್ಳೆ ಜಾಗ ಸಿಗದು.

ಜೀಪು ಬೇಕೇ ಬೇಕಿದ್ದರೆ ಡಿಸೆಂಬರ್ ಆಸುಪಾಸು ಬೇರೆಯಾಗಿ ಹೋಗಿ: ರಾತ್ರಿ 17309ರಲ್ಲಿ ಕುಲೇಮ್‌ಗೆ, ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲೇ ಸಾಲಿಗೆ, ಸಂಜೆ ಗೋವಾ ಎಕ್ಸ್‌ಪ್ರೆಸ್‌ಗೆ ವಾಪಸ್. ಜೀಪಿಗೆ ಏಳು ಜನ, ಲೈಫ್ ಜಾಕೆಟ್ ಕಡ್ಡಾಯ. ಜೀಪು ನಿಂತ ಮೇಲೂ ಬಂಡೆಗಳ ಮೇಲೆ ಹತ್ತು-ಹದಿನೈದು ನಿಮಿಷ ನಡಿಗೆ ಇದೆ, ಮಂಡಿನೋವಿನವರಿಗೆ ಆಗದು. ಕೈಯಲ್ಲಿ ತಿಂಡಿ ಕಂಡರೆ ಮಂಗಗಳು ಬಿಡುವುದಿಲ್ಲ.

ಟಿಕೆಟ್ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಶನಿವಾರ-ಭಾನುವಾರದ ಸೀಟು ಮಳೆಗಾಲದಲ್ಲಿ ಬೇಗ ತುಂಬುತ್ತದೆ. ಆ್ಯಪ್‌ನಲ್ಲಿ ಹುಬ್ಬಳ್ಳಿ ‘ಎಸ್‌ಎಸ್‌ಎಸ್ ಹುಬ್ಬಳ್ಳಿ’ ಎಂದಿರುತ್ತದೆ, ಕುಲೇಮ್‌ನ ಕೋಡ್ ಕ್ಯೂಎಲ್‌ಎಂ. ಹಿರಿಯ ನಾಗರಿಕರ ರಿಯಾಯಿತಿ 2020ರಿಂದ ಇಲ್ಲ, ಆದರೆ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಕೆಳ ಬರ್ತ್ ಕೋಟಾ ಇದೆ, ಬುಕ್ ಮಾಡುವಾಗ ಅದನ್ನೇ ಆರಿಸಿ. ಐದರೊಳಗಿನ ಮಗುವಿಗೆ ಬರ್ತ್ ಬೇಡದಿದ್ದರೆ ಟಿಕೆಟ್ ಬೇಡ; 5ರಿಂದ 12ರವರಿಗೆ ಬರ್ತ್ ಕೇಳಿದರೆ ಪೂರ್ತಿ ದರ, ಇಲ್ಲವಾದರೆ ಅರ್ಧ. ಜನರಲ್ ಟಿಕೆಟ್ ತೆಗೆದುಕೊಂಡು ಸ್ಲೀಪರ್‌ಗೆ ಏರಿದರೆ ದಂಡ ಖಚಿತ. ಹುಬ್ಬಳ್ಳಿಯಲ್ಲಿ ಗಾಡಿ 8ನೇ ಪ್ಲಾಟ್‌ಫಾರ್ಮ್‌ಗೆ ಬಂದರೆ ಅರ್ಧ ತಾಸು ಮೊದಲೇ ಇರಿ. 1507 ಮೀಟರ್ ಉದ್ದದ್ದು, ಅಪ್ಪ-ಅವ್ವನ್ನ ಓಡಿಸುವಂಥದ್ದಲ್ಲ.

ಬುತ್ತಿ ಕಟ್ಟಿಕೊಂಡೇ ಹೋಗಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಬೇಡ, ಕುಡಿಯುವ ನೀರು ತಲೆಗೊಂದು ಲೀಟರ್. ಲೋಂಡಾ ದಾಟಿದ ಮೇಲೆ ಕುಲೇಮ್ ತನಕ ಏನೂ ಸಿಗುತ್ತದೆಂದು ನಂಬಬೇಡಿ. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ಲೂ ಇರದು, ಹಾಗಾಗಿ ಟಿಕೆಟ್ ಸ್ಕ್ರೀನ್‌ಶಾಟ್ ಮೊದಲೇ ಇಟ್ಟುಕೊಳ್ಳಿ, ಕ್ಯಾಸಲ್‌ರಾಕ್ ಬಿಡುವ ಮೊದಲೇ ಮನೆಗೆ ಫೋನ್ ಮಾಡಿ ಮುಗಿಸಿ. ಹೊರಡುವ ದಿನ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಗಾಡಿ ರದ್ದಾಗಿದೆಯೋ, ಮಾರ್ಗ ಬದಲಾಗಿದೆಯೋ ನೋಡಿ. ರೈಲ್ವೆಯವರೇ ರದ್ದು ಮಾಡಿದರೆ ಆನ್‌ಲೈನ್ ಟಿಕೆಟ್ಟಿನ ಪೂರ್ತಿ ಹಣ ತಾನಾಗಿ ಖಾತೆಗೆ ಬರುತ್ತದೆ. ಮಾರ್ಗ ಬದಲಾಗಿದ್ದರೆ ಮಾತ್ರ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಬೇಕು, ಅದನ್ನು ನೀವೇ ಮಾಡದಿದ್ದರೆ ದುಡ್ಡು ಬರದು.